ಸಾಗರದಾಚೆಯ ಮೊದಲ ಭೇಟಿ: ಚೀನಾದ ದತ್ತು ಮಕ್ಕಳು ಹಾಗೂ ಅವರನ್ನು ಅರಸಿ ಹೋದ ಕುಟುಂಬಗಳು

ಮಗುವನ್ನು ದತ್ತು ಪಡೆಯಲು ಕುಟುಂಬವೊಂದು ಪರದೇಶಕ್ಕೆ ಪಯಣಿಸುವುದು, ಅಪರಿಚಿತ ನಗರದ ಸರ್ಕಾರಿ ಕಚೇರಿಯೊಂದರಲ್ಲಿ ಆ ಮಗುವನ್ನು ಮೊದಲ ಬಾರಿಗೆ ಎತ್ತಿಕೊಳ್ಳುವುದು, ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜಗತ್ತಿನ ಗಮನ ಸೆಳೆದ ವಿದ್ಯಮಾನ. ಅದು ಅತ್ಯಂತ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಚೀನಾದಲ್ಲಿ. 1992ರಿಂದ 2024ರವರೆಗೆ ಚೀನಾದ 1,60,000ಕ್ಕೂ ಹೆಚ್ಚು ಮಕ್ಕಳು ವಿದೇಶಿ ಕುಟುಂಬಗಳ ಮಡಿಲು ಸೇರಿದರು. ಅವರಲ್ಲಿ ಸುಮಾರು ಅರ್ಧದಷ್ಟು, ಅಂದರೆ 82,000ಕ್ಕೂ ಅಧಿಕ ಮಕ್ಕಳು ಅಮೆರಿಕಕ್ಕೆ ತೆರಳಿದರು. ಉಳಿದವರು ಸ್ಪೇನ್, ಕೆನಡಾ, ನೆದರ್‌ಲ್ಯಾಂಡ್ಸ್, ಸ್ವೀಡನ್ ಮೊದಲಾದ ದೇಶಗಳ ಮನೆಗಳಲ್ಲಿ ಬೆಳೆದರು.

ದಕ್ಷಿಣ ಕೊರಿಯಾದ ದತ್ತು ಮಕ್ಕಳಲ್ಲಿ ಬಹುಪಾಲು ಮಂದಿಯನ್ನು ಬೆಂಗಾವಲಿನವರು ವಿಮಾನದಲ್ಲಿ ಕರೆತಂದು ವಿದೇಶದ ನಿಲ್ದಾಣಗಳಲ್ಲೇ ಹೊಸ ತಂದೆತಾಯಿಗೆ ಒಪ್ಪಿಸುತ್ತಿದ್ದರು. ಚೀನಾ ಮಾತ್ರ ಬೇರೆ ಪದ್ಧತಿಯನ್ನು ಅನುಸರಿಸಿತು. ದಂಪತಿಯಲ್ಲಿ ಕನಿಷ್ಠ ಒಬ್ಬರಾದರೂ ಚೀನಾಕ್ಕೆ ಬಂದು, ಅಲ್ಲಿನ ಅಧಿಕಾರಿಗಳ ಎದುರು ಸಹಿ ಹಾಕಿ ಮಗುವನ್ನು ಸ್ವೀಕರಿಸಬೇಕೆಂಬುದು ನಿಯಮವಾಗಿತ್ತು. ಹೀಗಾಗಿ ಮೊದಲ ಭೇಟಿ ಎಂಬುದು ಕಾನೂನಿನ ಒಂದು ಘಟ್ಟವೂ ಆಯಿತು, ಪ್ರತಿಯೊಂದು ಕುಟುಂಬದ ಚರಿತ್ರೆಯ ಮೊದಲ ಪುಟವೂ ಆಯಿತು. ಆ ಪುಟಕ್ಕಿಂತ ಹಿಂದೆ ಮಗುವಿಗೆ ಏನಾಗಿತ್ತು ಎಂಬ ಪ್ರಶ್ನೆ ಆ ಮಕ್ಕಳು ದೊಡ್ಡವರಾದ ಮೇಲೆ ಮುನ್ನೆಲೆಗೆ ಬಂದಿದೆ.

ಕಾನೂನಿನ ಹಿನ್ನೆಲೆ

ಚೀನಾದ ಮೊದಲ ದತ್ತು ಕಾಯ್ದೆ 1991ರ ಡಿಸೆಂಬರ್‌ನಲ್ಲಿ ಅಂಗೀಕಾರಗೊಂಡು 1992ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ವಿದೇಶಿಯರು ಚೀನೀ ಮಕ್ಕಳನ್ನು ದತ್ತು ಪಡೆಯಲು ಈ ಕಾಯ್ದೆಯೇ ವ್ಯವಸ್ಥಿತ ಹಾದಿ ತೆರೆಯಿತು. ವಿದೇಶಿ ಅರ್ಜಿಗಳ ಪರಿಶೀಲನೆಗೆಂದು 1996ರಲ್ಲಿ ಬೀಜಿಂಗ್‌ನಲ್ಲಿ ಚೀನಾ ದತ್ತು ವ್ಯವಹಾರ ಕೇಂದ್ರ ಆರಂಭವಾಯಿತು. 2011ರಲ್ಲಿ ಅದಕ್ಕೆ ಚೀನಾ ಮಕ್ಕಳ ಕಲ್ಯಾಣ ಮತ್ತು ದತ್ತು ಕೇಂದ್ರ ಎಂದು ಮರುನಾಮಕರಣವಾಯಿತು.

ಈ ಎಲ್ಲದರ ಹಿಂದೆ ಇದ್ದದ್ದು ಜನಸಂಖ್ಯಾ ನಿಯಂತ್ರಣದ ಕಠೋರ ನೀತಿ. ದಂಪತಿಗೆ ಒಂದೇ ಮಗು ಎಂಬ ನಿಯಮ 1980ರ ಸುಮಾರಿಗೆ ದೇಶವ್ಯಾಪಿಯಾಗಿ ಜಾರಿಗೊಂಡು 2015ರ ಅಂತ್ಯದವರೆಗೆ ಮುಂದುವರಿಯಿತು. ಅನೇಕ ಗ್ರಾಮೀಣ ಪ್ರದೇಶಗಳಲ್ಲಿ ಮೊದಲನೆಯದು ಹೆಣ್ಣಾಗಿದ್ದರೆ ಎರಡನೆಯ ಮಗುವಿಗೆ ಅವಕಾಶವಿತ್ತು. ಎರಡನೆಯದೂ ಹೆಣ್ಣಾದರೆ ದಂಡ, ಕೆಲಸ ಕಳೆದುಕೊಳ್ಳುವ ಭೀತಿ, ಬಲವಂತದ ಶಸ್ತ್ರಚಿಕಿತ್ಸೆ ಇವುಗಳ ನಡುವೆ ಕುಟುಂಬ ಸಿಲುಕುತ್ತಿತ್ತು. ವಂಶ ಮುಂದುವರಿಸಲು ಗಂಡು ಬೇಕೆಂಬ ಹಂಬಲವೂ, ಮುಪ್ಪಿನಲ್ಲಿ ಮಗನೇ ಆಸರೆ ಎಂಬ ರೂಢಿಯೂ ಇದಕ್ಕೆ ಜೊತೆಗೂಡಿದವು. ಮಾರುಕಟ್ಟೆಯ ಬಳಿ, ಆಸ್ಪತ್ರೆಯ ಬಾಗಿಲಲ್ಲಿ, ಪೊಲೀಸ್ ಠಾಣೆಯ ಮುಂದೆ ಬಿಟ್ಟುಹೋದ ಶಿಶುಗಳಲ್ಲಿ ಹೆಣ್ಣುಮಕ್ಕಳೇ ಅಧಿಕವಾಗಿದ್ದುದು ಈ ಕಾರಣದಿಂದ. ಹುಟ್ಟಿದ ದಿನ, ಗಳಿಗೆಗಳನ್ನು ಬರೆದ ಚೀಟಿಯೊಂದು ಕೆಲವು ಶಿಶುಗಳ ಬಟ್ಟೆಯೊಳಗೆ ಸಿಗುತ್ತಿತ್ತು.

ಈ ಮಕ್ಕಳು ಸ್ವದೇಶದಲ್ಲಿ ಯಾರಿಗೂ ಬೇಡವಾಗಿದ್ದರು ಎಂಬ ನಂಬಿಕೆ ಪಶ್ಚಿಮದಲ್ಲಿ ಬಹುಕಾಲ ಬೇರೂರಿತ್ತು. ಅಮೆರಿಕದ ವಿದ್ವಾಂಸೆ ಕೇ ಆನ್ ಜಾನ್ಸನ್ ಚೀನಾದ ಹಳ್ಳಿಗಳಲ್ಲಿ ದೀರ್ಘಕಾಲ ನಡೆಸಿದ ಸಂಶೋಧನೆ ಇದನ್ನು ಅಲ್ಲಗಳೆಯಿತು. ಹೆಣ್ಣುಮಗುವನ್ನು ಸಾಕಲು ಸಿದ್ಧರಿದ್ದ ಕುಟುಂಬಗಳು ಚೀನಾದಲ್ಲೇ ಸಾಕಷ್ಟಿದ್ದವು. ಆದರೆ 1991ರ ಕಾಯ್ದೆಯ ಪ್ರಕಾರ ದತ್ತು ಪಡೆಯುವವರು 35 ವರ್ಷ ದಾಟಿರಬೇಕಿತ್ತು, ಮಕ್ಕಳಿಲ್ಲದವರಾಗಿರಬೇಕಿತ್ತು. ದತ್ತಿನ ನೆಪದಲ್ಲಿ ಜನರು ಕುಟುಂಬ ಯೋಜನೆಯ ನಿಯಮವನ್ನು ತಪ್ಪಿಸಿಕೊಳ್ಳಬಾರದು ಎಂಬುದೇ ಇದರ ಉದ್ದೇಶ. 1999ರಲ್ಲಿ ಜಾರಿಗೆ ಬಂದ ತಿದ್ದುಪಡಿ ವಯೋಮಿತಿಯನ್ನು 30ಕ್ಕೆ ಇಳಿಸಿ, ಅನಾಥಾಲಯದ ಮಕ್ಕಳ ವಿಷಯದಲ್ಲಿ ನಿರ್ಬಂಧವನ್ನು ಸಡಿಲಿಸಿತು. ಅಷ್ಟರಲ್ಲಿ ಸಾವಿರಾರು ಮಕ್ಕಳು ಸಾಗರ ದಾಟಿಯಾಗಿತ್ತು.

ಕಡತದಿಂದ ಭಾವಚಿತ್ರದವರೆಗೆ

ವಿದೇಶಿ ಕುಟುಂಬದ ಹಾದಿ ಆರಂಭವಾಗುತ್ತಿದ್ದುದು ಅವರದೇ ಊರಿನಲ್ಲಿ. ಸಮಾಜ ಕಾರ್ಯಕರ್ತರು ಮನೆಗೆ ಭೇಟಿ ನೀಡಿ ಸಿದ್ಧಪಡಿಸುವ ಗೃಹ ಅಧ್ಯಯನ ವರದಿ, ಆದಾಯದ ದಾಖಲೆ, ಆರೋಗ್ಯ ಪ್ರಮಾಣಪತ್ರ, ವಿವಾಹ ಪತ್ರ, ಪೊಲೀಸ್ ದೃಢೀಕರಣ ಇವೆಲ್ಲ ಸೇರಿ ಒಂದು ಕಡತವಾಗುತ್ತಿತ್ತು. ಕಡತವು ಬೀಜಿಂಗ್ ತಲುಪಿ ನೋಂದಣಿಗೊಂಡ ದಿನಾಂಕವೇ ಕುಟುಂಬದ ಸರದಿಯನ್ನು ನಿರ್ಧರಿಸುತ್ತಿತ್ತು. ಬಳಿಕ ಕೇಂದ್ರದ ಸಿಬ್ಬಂದಿ ಕುಟುಂಬಕ್ಕೊಂದು ಮಗುವನ್ನು ಗೊತ್ತುಮಾಡುತ್ತಿದ್ದರು. ಆರೋಗ್ಯವಂತ ಶಿಶುವಿಗಾಗಿ ಅರ್ಜಿ ಹಾಕಿದವರಿಗೆ ಮಗುವನ್ನು ತಾವೇ ಆರಿಸಿಕೊಳ್ಳುವ ಅವಕಾಶವಿರಲಿಲ್ಲ.

ಅತ್ತ ಮಗುವಿನ ಕಡತವೂ ಬೆಳೆಯುತ್ತಿತ್ತು. ಸಿಕ್ಕ ಸ್ಥಳ, ಸಿಕ್ಕ ದಿನ, ಪೊಲೀಸರ ವರದಿ, ವೈದ್ಯರ ತಪಾಸಣೆ, ಬೆಳವಣಿಗೆಯ ವಿವರ ಅದರಲ್ಲಿರುತ್ತಿದ್ದವು. ಹೆತ್ತವರು ಮುಂದೆ ಬರಲೆಂದು ಪತ್ರಿಕೆಯಲ್ಲಿ ಮಗುವಿನ ಚಿತ್ರದೊಡನೆ ಪ್ರಕಟಣೆ ನೀಡಿ 60 ದಿನ ಕಾಯಬೇಕಿತ್ತು. ಯಾರೂ ಬಾರದಿದ್ದರೆ ಮಗು ದತ್ತಿಗೆ ಅರ್ಹವೆಂದು ಪರಿಗಣಿತವಾಗುತ್ತಿತ್ತು. ಹೆಸರನ್ನು ಇಡುತ್ತಿದ್ದವರು ಅನಾಥಾಲಯದವರು. ಒಂದೇ ಸಂಸ್ಥೆಯಲ್ಲಿ ಬೆಳೆದ ಮಕ್ಕಳಿಗೆಲ್ಲ ಒಂದೇ ಕುಲನಾಮ ಇಡುವ ವಾಡಿಕೆ ಹಲವೆಡೆ ಇತ್ತು.

ಅಂತಿಮವಾಗಿ ಅಂಚೆಯಲ್ಲಿ ಅಥವಾ ಮಿಂಚಂಚೆಯಲ್ಲಿ ಬರುತ್ತಿದ್ದ ಒಂದೆರಡು ಭಾವಚಿತ್ರಗಳು, ಕೆಲವು ಪುಟಗಳ ವರದಿ, ಇಷ್ಟೇ ಆ ಕುಟುಂಬಕ್ಕೆ ಮಗುವಿನ ಪರಿಚಯ. ಚಿತ್ರ ತೆಗೆದು ತಿಂಗಳುಗಳೇ ಕಳೆದಿರುತ್ತಿದ್ದವು. ಅನುಮತಿ ಪತ್ರ ಬರುವವರೆಗಿನ ವಾರಗಳಲ್ಲಿ ಅನೇಕರು ಅನಾಥಾಲಯಕ್ಕೆ ಒಂದು ಪೊಟ್ಟಣ ಕಳುಹಿಸುತ್ತಿದ್ದರು. ಅದರಲ್ಲಿ ಮನೆಯವರ ಚಿತ್ರಗಳ ಪುಸ್ತಕ, ಒಂದು ಗೊಂಬೆ, ಒಂದು ಹೊದಿಕೆ ಇರುತ್ತಿದ್ದವು. ಒಮ್ಮೆ ಮಾತ್ರ ಬಳಸಬಹುದಾದ ಅಗ್ಗದ ಕ್ಯಾಮೆರಾವನ್ನೂ ಜೊತೆಗಿಟ್ಟು, ಮಗು ಮಲಗುವ ತೊಟ್ಟಿಲು, ಆಡುವ ಕೋಣೆ, ನೋಡಿಕೊಳ್ಳುವವರ ಮುಖ ಇವನ್ನು ಸೆರೆಹಿಡಿದು ಕೊಡಿರೆಂದು ಕೋರುತ್ತಿದ್ದವರೂ ಇದ್ದರು. ಈ ಕೋರಿಕೆಯ ಬೆಲೆ ಹಲವು ಕುಟುಂಬಗಳಿಗೆ ತಿಳಿದದ್ದು ವರ್ಷಗಳ ಬಳಿಕ, ಮಗು ಪ್ರಶ್ನೆ ಕೇಳತೊಡಗಿದಾಗ.

ಭೇಟಿಯ ದಿನ

ಭೇಟಿ ನಡೆಯುತ್ತಿದ್ದುದು ಸಾಮಾನ್ಯವಾಗಿ ಪ್ರಾಂತ್ಯದ ರಾಜಧಾನಿಯಲ್ಲಿ. ಹುನಾನ್ ಪ್ರಾಂತ್ಯದ ಮಗುವಾದರೆ ಚಾಂಗ್‌ಶಾ, ಜಿಯಾಂಗ್‌ಶಿಯಾದರೆ ನಾನ್‌ಚಾಂಗ್, ಹುಬೈ ಆದರೆ ವುಹಾನ್, ಗುವಾಂಗ್‌ಶಿಯಾದರೆ ನಾನ್ನಿಂಗ್. ಹಲವು ಕುಟುಂಬಗಳು ಒಂದೇ ತಂಡವಾಗಿ, ದುಭಾಷಿಯ ಮೇಲ್ವಿಚಾರಣೆಯಲ್ಲಿ ಪ್ರಯಾಣ ಮಾಡುತ್ತಿದ್ದವು. ಅನಾಥಾಲಯದ ಸಿಬ್ಬಂದಿ ಮಕ್ಕಳನ್ನು ಬಸ್ಸಿನಲ್ಲೋ ವ್ಯಾನಿನಲ್ಲೋ ಗಂಟೆಗಟ್ಟಲೆ ಕ್ರಮಿಸಿ ಕರೆತರುತ್ತಿದ್ದರು. ನಾಗರಿಕ ವ್ಯವಹಾರ ಇಲಾಖೆಯ ನೋಂದಣಿ ಕಚೇರಿಯಲ್ಲೋ, ಕುಟುಂಬಗಳು ತಂಗಿದ್ದ ಹೋಟೆಲಿನ ಸಭಾಕೋಣೆಯಲ್ಲೋ ಹೆಸರು ಕೂಗಿ, ಗುರುತುಪತ್ರ ನೋಡಿ, ಮಗುವನ್ನು ಕೈಗೆ ಕೊಡುತ್ತಿದ್ದರು. ಇಡೀ ವಿಧಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಒಂದೇ ಕೋಣೆಯಲ್ಲಿ ಹತ್ತಾರು ಮಕ್ಕಳು ಅಳುತ್ತ, ಹಿರಿಯರೂ ಕಣ್ಣೊರೆಸಿಕೊಳ್ಳುತ್ತ, ಕ್ಯಾಮೆರಾಗಳು ಮಿಂಚುತ್ತ ಇದ್ದ ದೃಶ್ಯವನ್ನು ಅಸಂಖ್ಯ ಕುಟುಂಬಗಳ ವಿಡಿಯೊಗಳು ದಾಖಲಿಸಿವೆ.

ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದ ಮಹಿಳೆಯರನ್ನು ಚೀನೀ ಭಾಷೆಯಲ್ಲಿ ‘ಆಯಿ’ ಎನ್ನುತ್ತಾರೆ. ಉತ್ತರ ಕನ್ನಡದ ಮನೆಗಳಲ್ಲಿ ತಾಯಿಯನ್ನು ಕರೆಯುವ ಪದದಂತೆಯೇ ಇದು ಕಿವಿಗೆ ಕೇಳಿಸಿದರೂ ಅಲ್ಲಿ ಇದರ ಅರ್ಥ ತಾಯಿಯ ತಂಗಿ, ಚಿಕ್ಕಮ್ಮ. ಕೆಲವು ಮಕ್ಕಳು ಸಾಕುಮನೆಗಳಲ್ಲಿ ಬೆಳೆದಿದ್ದು, ಅಲ್ಲಿನ ದಂಪತಿಯನ್ನೇ ತಂದೆತಾಯಿ ಎಂದು ಅರಿತಿರುತ್ತಿದ್ದರು. ಮಗುವನ್ನು ಒಪ್ಪಿಸಿ ಹಿಂದಿರುಗುವಾಗ ಈ ಆಯಿಗಳೂ ಅಳುತ್ತಿದ್ದುದುಂಟು. ಮಗು ಏನನ್ನು ಉಣ್ಣುತ್ತದೆ, ಎಷ್ಟು ಹೊತ್ತಿಗೆ ಮಲಗುತ್ತದೆ, ಯಾವ ಹಾಡಿಗೆ ಸುಮ್ಮನಾಗುತ್ತದೆ ಎಂಬ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಉತ್ತರ ಪಡೆಯಲು ಕುಟುಂಬಕ್ಕೆ ಸಿಗುತ್ತಿದ್ದುದು ಆ ಕೆಲವು ನಿಮಿಷಗಳು ಮಾತ್ರ.

ಅಮೆರಿಕದಲ್ಲಿ ಈ ದಿನವನ್ನು ‘ಗಾಚಾ ಡೇ’ ಎಂದು ಕರೆದು ವರ್ಷವರ್ಷವೂ ಆಚರಿಸುವ ರೂಢಿ ಬೆಳೆಯಿತು. ‘ನೀನು ನನ್ನ ಕೈಗೆ ಸಿಕ್ಕೆ’ ಎಂಬ ಧ್ವನಿಯುಳ್ಳ ಈ ಹೆಸರನ್ನು ದತ್ತು ಮಕ್ಕಳಲ್ಲಿ ಅನೇಕರು ಪ್ರಾಯಕ್ಕೆ ಬಂದ ನಂತರ ಆಕ್ಷೇಪಿಸಿದ್ದಾರೆ. ಹಿರಿಯರಿಗೆ ಪಡೆದ ದಿನವಾದದ್ದು ಮಗುವಿಗೆ ಕಳೆದುಕೊಂಡ ದಿನವೂ ಹೌದೆಂಬುದು ಅವರ ವಾದ. ‘ಕುಟುಂಬ ದಿನ’ ಎಂಬ ಹೆಸರನ್ನು ಬಳಸುವ ಮನೆಗಳೂ ಇವೆ.

ಮಗುವಿನ ಪಾಲಿಗೆ ಆ ದಿನ

ಇಸವಿ 2000ರ ಆಸುಪಾಸಿನಲ್ಲಿ ಭೇಟಿಯ ವೇಳೆಗೆ ಬಹುತೇಕ ಶಿಶುಗಳ ವಯಸ್ಸು ಒಂಬತ್ತು ತಿಂಗಳಿಂದ ಒಂದೂವರೆ ವರ್ಷದೊಳಗೆ ಇರುತ್ತಿತ್ತು. ಪರಿಚಿತ ಮುಖವನ್ನು ಅಪರಿಚಿತ ಮುಖದಿಂದ ಬೇರ್ಪಡಿಸಿ ನೋಡುವ, ಹೊಸಬರನ್ನು ಕಂಡು ಅಂಜುವ ಸಹಜ ವಯಸ್ಸದು. ಹೊಸ ತಂದೆತಾಯಿಯ ಬಣ್ಣ, ವಾಸನೆ, ಧ್ವನಿ, ಭಾಷೆ ಒಂದೂ ಮಗುವಿಗೆ ಗೊತ್ತಿಲ್ಲ. ನಿತ್ಯ ಉಣ್ಣುತ್ತಿದ್ದ ಅಕ್ಕಿಗಂಜಿಯ ಬದಲು ಬೇರೆ ಆಹಾರ, ಸಾಲು ತೊಟ್ಟಿಲುಗಳ ಕೋಣೆಯ ಬದಲು ಹೋಟೆಲಿನ ಮೌನ.

ತಾಯಿಯಿಂದ ಅಗಲಿದ ಎಳೆಯ ಮಕ್ಕಳನ್ನು ಅಧ್ಯಯನ ಮಾಡಿದ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಜೇಮ್ಸ್ ರಾಬರ್ಟ್‌ಸನ್ 1950ರ ದಶಕದಲ್ಲೇ ಮೂರು ಹಂತಗಳನ್ನು ಗುರುತಿಸಿದ್ದರು. ಮೊದಲು ಪ್ರತಿಭಟನೆ, ನಂತರ ಹತಾಶೆ, ಕೊನೆಗೆ ವಿಮುಖತೆ. ಭೇಟಿಯ ಕೋಣೆಯಲ್ಲಿ ಗಂಟಲು ಹರಿಯುವಂತೆ ಅಳುವ ಮಗುವನ್ನು ಕಂಡು ಹೊಸ ಪೋಷಕರು ಕಂಗಾಲಾಗುತ್ತಿದ್ದರು. ಸುಮ್ಮನೆ ಕುಳಿತು, ಮುಖದಲ್ಲಿ ಭಾವವಿಲ್ಲದೆ, ಯಾರು ಎತ್ತಿಕೊಂಡರೂ ಬರುವ ಮಗುವನ್ನು ಕಂಡು ‘ಎಷ್ಟು ಸಾಧು’ ಎಂದು ಸಂತೋಷಪಡುತ್ತಿದ್ದರು. ಅಳುವ ಮಗುವಿಗೆ ಯಾರೊಡನೆಯೋ ಬಾಂಧವ್ಯ ಬೆಳೆದಿತ್ತು ಎಂಬುದಕ್ಕೆ ಆ ಅಳುವೇ ಸಾಕ್ಷಿ. ಒಮ್ಮೆ ಒಬ್ಬರನ್ನು ಹಚ್ಚಿಕೊಂಡ ಮಗು ಮತ್ತೊಬ್ಬರನ್ನೂ ಹಚ್ಚಿಕೊಳ್ಳಬಲ್ಲದು. ಆದ್ದರಿಂದ ಅನುಭವಿ ಸಮಾಜ ಕಾರ್ಯಕರ್ತರು ನಿಶ್ಶಬ್ದವಾಗಿರುವ ಮಗುವಿನ ಬಗ್ಗೆ ಹೆಚ್ಚು ಎಚ್ಚರ ವಹಿಸಲು ಪೋಷಕರಿಗೆ ಹೇಳುತ್ತಿದ್ದರು.

ಸಾಮೂಹಿಕ ಪಾಲನೆಯ ಪರಿಣಾಮ ದೇಹದ ಮೇಲೂ ಕಾಣುತ್ತಿತ್ತು. ಚೀನಾದಿಂದ ಬಂದ ದತ್ತು ಮಕ್ಕಳ ಬಗ್ಗೆ 2000ರಲ್ಲಿ ಅಮೆರಿಕದ ವೈದ್ಯಕೀಯ ನಿಯತಕಾಲಿಕ ‘ಪೀಡಿಯಾಟ್ರಿಕ್ಸ್’ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅನಾಥಾಲಯದಲ್ಲಿ ಕಳೆದ ಸುಮಾರು ಪ್ರತಿ ಮೂರು ತಿಂಗಳಿಗೆ ಒಂದು ತಿಂಗಳಷ್ಟು ಎತ್ತರದ ಬೆಳವಣಿಗೆ ಹಿಂದುಳಿದಿರುತ್ತಿತ್ತು. ಮನೆಯ ಆರೈಕೆ ದೊರೆತ ಮೇಲೆ ಹೆಚ್ಚಿನ ಮಕ್ಕಳು ಚುರುಕಾಗಿ ಬೆಳೆದು ಓರಗೆಯವರನ್ನು ಸಮೀಪಿಸಿದರು.

ಕಾಲ ಸರಿದಂತೆ ಭೇಟಿಯ ಸ್ವರೂಪವೂ ಬದಲಾಯಿತು. ಚೀನಾದ ಆದಾಯ ಏರಿ, ಸ್ವದೇಶದಲ್ಲೇ ದತ್ತು ಪಡೆಯುವವರು ಹೆಚ್ಚಿದಂತೆ ಆರೋಗ್ಯವಂತ ಶಿಶುಗಳು ವಿದೇಶಿ ಪಟ್ಟಿಯಲ್ಲಿ ವಿರಳವಾದರು. ಸೀಳು ತುಟಿ, ಹೃದಯದ ತೊಂದರೆ, ಅಂಗವೈಕಲ್ಯವುಳ್ಳ ಮಕ್ಕಳು ಹಾಗೂ ದೊಡ್ಡ ವಯಸ್ಸಿನವರು 2010ರ ದಶಕದಲ್ಲಿ ಬಹುಸಂಖ್ಯಾತರಾದರು. ಆಗ ದತ್ತಿಗೆ ವಯೋಮಿತಿ 14 ವರ್ಷವಿತ್ತು. ಹನ್ನೆರಡು, ಹದಿಮೂರರ ಬಾಲಕನೋ ಬಾಲಕಿಯೋ ತನ್ನ ಹೊಸ ಕುಟುಂಬವನ್ನು ಎದುರುಗೊಳ್ಳುವಾಗ ಅವರಿಗೆ ಸ್ನೇಹಿತರು, ಶಾಲೆ, ಭಾಷೆ ಎಲ್ಲವನ್ನೂ ತೊರೆಯುತ್ತಿರುವ ಅರಿವು ಇರುತ್ತಿತ್ತು. ಹತ್ತು ವರ್ಷ ಮೀರಿದ ಮಗುವಿನ ಸಮ್ಮತಿಯನ್ನು ಕಾಯ್ದೆಯೇ ಕಡ್ಡಾಯಗೊಳಿಸಿತ್ತು.

ಇಪ್ಪತ್ತನಾಲ್ಕು ಗಂಟೆ

ಮಗು ಕೈಗೆ ಬಂದೊಡನೆ ದತ್ತು ಪೂರ್ಣವಾಗುತ್ತಿರಲಿಲ್ಲ. ಮೊದಲ 24 ಗಂಟೆಗಳನ್ನು ಹೊಂದಾಣಿಕೆಯ ಅವಧಿ ಎಂದು ಪರಿಗಣಿಸಿ, ತಾತ್ಕಾಲಿಕ ಪಾಲನೆಯ ಪತ್ರಕ್ಕೆ ಸಹಿ ಪಡೆಯಲಾಗುತ್ತಿತ್ತು. ಮಾರನೆಯ ದಿನ ಕುಟುಂಬ ಮತ್ತೆ ಕಚೇರಿಗೆ ಹಾಜರಾಗಿ, ಈ ಮಗುವನ್ನು ಸ್ವೀಕರಿಸುವಿರಾ, ಎಂದಿಗೂ ತೊರೆಯುವುದಿಲ್ಲವೆಂದು ಮಾತು ಕೊಡುವಿರಾ ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಆಮೇಲೆ ದತ್ತು ನೋಂದಣಿ ಪತ್ರ, ನೋಟರಿ ದೃಢೀಕರಣ, ಚೀನೀ ಪಾಸ್‌ಪೋರ್ಟ್‌ಗಳ ಸರದಿ.

ಅನಾಥಾಲಯಕ್ಕೆ ನೀಡಬೇಕಾದ ದೇಣಿಗೆಯ ಪಾವತಿಯೂ ಇದೇ ಸಂದರ್ಭದಲ್ಲಿ ಆಗುತ್ತಿತ್ತು. ಅದು ಬಹುಕಾಲ 3,000 ಡಾಲರ್ ಇದ್ದು, ಮುಂದೆ 35,000 ಯುವಾನ್‌ಗೆ ಏರಿತು. ಮಡಿಕೆ ಬೀಳದ ಹೊಸ ನೂರರ ನೋಟುಗಳನ್ನು ಸೊಂಟದ ಚೀಲದಲ್ಲಿಟ್ಟು ಒಯ್ಯುವಂತೆ ದತ್ತು ಸಂಸ್ಥೆಗಳು ಕುಟುಂಬಗಳಿಗೆ ಸೂಚಿಸುತ್ತಿದ್ದವು. ಈ ಹಣದಿಂದ ಅನೇಕ ಅನಾಥಾಲಯಗಳ ಕಟ್ಟಡ, ಔಷಧ, ಆಹಾರಗಳ ಸ್ಥಿತಿ ಸುಧಾರಿಸಿತು. ಆದರೆ ಒಳನಾಡಿನ ಚಿಕ್ಕ ಸಂಸ್ಥೆಯೊಂದಕ್ಕೆ ಪ್ರತಿ ಮಗುವಿನೊಡನೆ ಬರುವ ಇಷ್ಟು ದೊಡ್ಡ ಮೊತ್ತ ಎಂತಹ ಆಮಿಷವಾಗಬಲ್ಲದೆಂಬುದು ಬಳಿಕ ಬಯಲಾಯಿತು.

ಗುವಾಂಗ್‌ಝೌ ನಗರದ ಕೊನೆಯ ತಂಗುದಾಣ

ಅಮೆರಿಕದ ಕುಟುಂಬಗಳ ಪಯಣ ಗುವಾಂಗ್‌ಝೌ ನಗರದಲ್ಲಿ ಕೊನೆಗೊಳ್ಳುತ್ತಿತ್ತು. ದತ್ತು ಮಕ್ಕಳ ವಲಸೆ ವೀಸಾ ನೀಡುತ್ತಿದ್ದುದು ಅಲ್ಲಿನ ಅಮೆರಿಕನ್ ಕಾನ್ಸುಲೇಟ್ ಮಾತ್ರ. ಪರ್ಲ್ ನದಿಯ ದಡದ ಶಾಮಿಯನ್ ದ್ವೀಪದಲ್ಲಿ, ಕಾನ್ಸುಲೇಟ್‌ನ ಹಳೆಯ ಕಟ್ಟಡಕ್ಕೆ ತಾಗಿದಂತಿದ್ದ ವೈಟ್ ಸ್ವಾನ್ ಹೋಟೆಲು 1983ರಲ್ಲಿ ಆರಂಭವಾಗಿತ್ತು. ಒಂದು ಕಾಲದಲ್ಲಿ ಅದರ ಮೊಗಸಾಲೆಯ ತುಂಬ ಮಕ್ಕಳ ತಳ್ಳುಗಾಡಿಗಳೇ ಕಾಣುತ್ತಿದ್ದವು. ಸುತ್ತಲಿನ ಅಂಗಡಿಗಳು ಪುಟ್ಟ ರೇಷ್ಮೆ ಉಡುಪು, ಮಗುವಿನ ಹೆಸರು ಕೆತ್ತಿದ ಮುದ್ರೆ ಮಾರಿ ಬಾಳಿದವು. ಮ್ಯಾಟೆಲ್ ಕಂಪನಿ ಚೀನೀ ಶಿಶುವನ್ನು ಎತ್ತಿಕೊಂಡ ಬಾರ್ಬಿ ಗೊಂಬೆಯೊಂದನ್ನು ತಯಾರಿಸಿ ಅಲ್ಲಿ ತಂಗುವ ದತ್ತು ಕುಟುಂಬಗಳಿಗೆ ಕಾಣಿಕೆಯಾಗಿ ಹಂಚುತ್ತಿತ್ತು.

ವೈದ್ಯಕೀಯ ತಪಾಸಣೆ ಮತ್ತು ಪ್ರಮಾಣವಚನದ ಬಳಿಕ ಮುಚ್ಚಿದ ಲಕೋಟೆಯೊಂದನ್ನು ಕುಟುಂಬದ ಕೈಗೆ ಕೊಡಲಾಗುತ್ತಿತ್ತು. ಅಮೆರಿಕದ ಗಡಿಯಲ್ಲಿ ಅಧಿಕಾರಿಯೇ ಅದನ್ನು ತೆರೆಯಬೇಕಿತ್ತು. 2001ರ ಫೆಬ್ರವರಿ 27ರಂದು ಜಾರಿಗೆ ಬಂದ ಮಕ್ಕಳ ಪೌರತ್ವ ಕಾಯ್ದೆಯನ್ವಯ, ವಿದೇಶದಲ್ಲೇ ದತ್ತು ಪೂರ್ಣಗೊಂಡ ಮಗು ವಲಸೆ ವೀಸಾದೊಡನೆ ಅಮೆರಿಕದ ನೆಲ ಮುಟ್ಟಿದಾಗಲೇ ಪೌರತ್ವ ಪಡೆಯುತ್ತದೆ. ಆ ದಿನಾಂಕಕ್ಕೆ 18 ವರ್ಷ ತುಂಬಿದ್ದವರಿಗೆ ಮಾತ್ರ ಈ ಕಾಯ್ದೆ ಅನ್ವಯಿಸಲಿಲ್ಲ. ಬಾಲ್ಯದಲ್ಲಿ ಕೊರಿಯಾ ಮೊದಲಾದ ದೇಶಗಳಿಂದ ಬಂದ ಕೆಲವರು, ಸಾಕಿದವರು ಅರ್ಜಿ ಸಲ್ಲಿಸದೆ ಹೋದ ಕಾರಣಕ್ಕೆ, ನಡುವಯಸ್ಸಿನಲ್ಲಿ ಗಡೀಪಾರಿಗೆ ಒಳಗಾದದ್ದೂ ಇದೆ.

ಕಡತ ಹೇಳದ ಸತ್ಯ

ಅಮೆರಿಕಕ್ಕೆ ಹೋದ ಚೀನೀ ಮಕ್ಕಳ ಸಂಖ್ಯೆ 2005ರಲ್ಲಿ ಗರಿಷ್ಠ ಮಟ್ಟ ಮುಟ್ಟಿತು. ಆ ಒಂದೇ ಹಣಕಾಸು ವರ್ಷದಲ್ಲಿ ಸುಮಾರು 7,900 ಮಕ್ಕಳು ತೆರಳಿದರು. ಅದೇ ವರ್ಷದ ನವೆಂಬರ್‌ನಲ್ಲಿ ಹುನಾನ್ ಪ್ರಾಂತ್ಯದ ಹೆಂಗ್‌ಯಾಂಗ್ ಪ್ರದೇಶದ ಸುದ್ದಿ ಹೊರಬಿತ್ತು. ನೆರೆಯ ಗುವಾಂಗ್‌ಡಾಂಗ್‌ನಿಂದ ಶಿಶುಗಳನ್ನು ತಂದು ಅನಾಥಾಲಯಗಳಿಗೆ ಮಾರುವ ಜಾಲವೊಂದು 2002ರಿಂದ ಕೆಲಸ ಮಾಡುತ್ತಿತ್ತು. 2006ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಾಲಯ ಅನಾಥಾಲಯದ ಮುಖ್ಯಸ್ಥರೊಬ್ಬರೂ ಸೇರಿದಂತೆ ತಪ್ಪಿತಸ್ಥರಿಗೆ ಶಿಕ್ಷೆ ವಿಧಿಸಿತು. ಇಂತಹ ಮಕ್ಕಳ ಕಡತಗಳಲ್ಲಿ ‘ಸಿಕ್ಕ ಸ್ಥಳ’ ಎಂದು ಬರೆದದ್ದು ಕಟ್ಟುಕಥೆಯಾಗಿತ್ತು.

2011ರ ಮೇ ತಿಂಗಳಲ್ಲಿ ಚೀನಾದ ಕೈಶಿನ್ ಮಾಧ್ಯಮ ಸಮೂಹದ ನಿಯತಕಾಲಿಕ ಇನ್ನೂ ಕಠೋರವಾದ ಸಂಗತಿಯನ್ನು ಪ್ರಕಟಿಸಿತು. ಹುನಾನ್‌ನ ಶಾವೊಯಾಂಗ್ ಪ್ರದೇಶದ ಲಾಂಗ್‌ಹುಯಿಯಲ್ಲಿ ಕುಟುಂಬ ಯೋಜನೆಯ ಅಧಿಕಾರಿಗಳು ದಂಡ ತೆರಲಾಗದ ರೈತರ ಮನೆಗಳಿಂದ ಮಕ್ಕಳನ್ನು ಕಸಿದು ಅನಾಥಾಲಯಕ್ಕೆ ಸೇರಿಸಿದ್ದರು. ಅವರಲ್ಲಿ ಕೆಲವರು ವಿದೇಶಕ್ಕೆ ದತ್ತು ಹೋಗಿದ್ದರು. ಪತ್ರಕರ್ತೆ ಬಾರ್ಬರಾ ಡೆಮಿಕ್ 2025ರಲ್ಲಿ ಪ್ರಕಟಿಸಿದ ಪುಸ್ತಕ ಇದೇ ಪ್ರದೇಶದ ಅವಳಿ ಹೆಣ್ಣುಮಕ್ಕಳನ್ನು ಕುರಿತದ್ದು. ಒಬ್ಬಳನ್ನು ಅಧಿಕಾರಿಗಳು ಒಯ್ದು, ಆಕೆ ಅಮೆರಿಕದಲ್ಲಿ ಬೆಳೆದಳು. ಮತ್ತೊಬ್ಬಳು ಹೆತ್ತವರ ಬಳಿಯೇ ಉಳಿದಳು. ಸಹೋದರಿಯರು ಪರಸ್ಪರ ಎದುರಾದದ್ದು 2019ರಲ್ಲಿ.

ಈ ಮಕ್ಕಳನ್ನು ಬಿಗಿದಪ್ಪಿದ ವಿದೇಶಿ ದಂಪತಿಗಳಲ್ಲಿ ಬಹುತೇಕರಿಗೆ ಇದರ ಸುಳಿವೂ ಇರಲಿಲ್ಲ. ಮುದ್ರೆಯೊತ್ತಿದ ಸರ್ಕಾರಿ ಕಾಗದವನ್ನು ಅವರು ನಂಬಿದ್ದರು. ಎಲ್ಲ ದತ್ತು ಪ್ರಕರಣಗಳೂ ಹೀಗೆ ನಡೆದವೆಂದು ಹೇಳುವುದು ಅನ್ಯಾಯವಾದೀತು. ಕಷ್ಟದಲ್ಲಿ ತೊರೆಯಲ್ಪಟ್ಟ ಸಹಸ್ರಾರು ಮಕ್ಕಳಿಗೆ ದತ್ತು ನಿಜಕ್ಕೂ ಮನೆಯನ್ನು ಒದಗಿಸಿತು. ಆದರೆ ಯಾವ ಕಡತ ಸತ್ಯ, ಯಾವುದು ಸುಳ್ಳು ಎಂದು ತಿಳಿಯುವ ದಾರಿ ಮಗುವಿಗೆ ಉಳಿಯಲಿಲ್ಲ. ಇಪ್ಪತ್ತು, ಮೂವತ್ತರ ವಯಸ್ಸಿಗೆ ಬಂದ ಈ ಮಕ್ಕಳಲ್ಲಿ ಹಲವರು ಡಿಎನ್‌ಎ ಪರೀಕ್ಷೆಯ ಮೊರೆಹೋಗಿದ್ದಾರೆ. ಅಪಹೃತ ಮಕ್ಕಳ ಪತ್ತೆಗಾಗಿ ಚೀನಾದ ಸಾರ್ವಜನಿಕ ಭದ್ರತಾ ಸಚಿವಾಲಯ 2009ರಲ್ಲಿ ಸ್ಥಾಪಿಸಿದ ಡಿಎನ್‌ಎ ಭಂಡಾರದಲ್ಲಿಯೂ ಕೆಲವರು ತಮ್ಮ ಮಾದರಿ ನೀಡಿದ್ದಾರೆ. ಭೇಟಿಯ ದಿನ ಆಯಿ ಹೇಳಿದ ಒಂದು ಮಾತು, ಪೊಟ್ಟಣದ ಕ್ಯಾಮೆರಾದಲ್ಲಿ ತೆಗೆದ ಒಂದು ಚಿತ್ರ, ಪತ್ರಿಕೆಯ ಪ್ರಕಟಣೆಯ ಒಂದು ತುಣುಕು ಇಂತಹ ಹುಡುಕಾಟದಲ್ಲಿ ಅಮೂಲ್ಯ ಸುಳಿವಾಗುತ್ತವೆ.

ಮುಚ್ಚಿದ ಬಾಗಿಲು

2007ರ ಮೇ ತಿಂಗಳಿಂದ ಚೀನಾ ವಿದೇಶಿ ಅರ್ಜಿದಾರರ ಅರ್ಹತೆಯನ್ನು ಬಿಗಿಗೊಳಿಸಿತು. ವಯಸ್ಸು, ದೇಹತೂಕ, ಆದಾಯ, ವೈವಾಹಿಕ ಸ್ಥಿತಿ ಎಲ್ಲಕ್ಕೂ ಮಿತಿ ಬಂತು. ಅದಕ್ಕೂ ಮುನ್ನ ಅರ್ಜಿ ಹಾಕಿದವರಲ್ಲಿಯೂ ಆರೋಗ್ಯವಂತ ಶಿಶುವಿಗಾಗಿ ಆರು ವರ್ಷ ಕಾದವರಿದ್ದರು. 2020ರ ಆರಂಭದಲ್ಲಿ ಕೊರೊನಾ ಸೋಂಕಿನ ಕಾರಣ ಪ್ರಯಾಣ ಸ್ಥಗಿತಗೊಂಡಿತು. ಮಗು ಗೊತ್ತಾಗಿ, ಭಾವಚಿತ್ರ ಕೈಸೇರಿ, ಕೋಣೆ ಸಜ್ಜುಗೊಳಿಸಿ ಕುಳಿತಿದ್ದ ನೂರಾರು ಕುಟುಂಬಗಳು ಅಲ್ಲಿಗೇ ನಿಂತವು. 2022ರ ಅಕ್ಟೋಬರ್‌ನಿಂದ 2023ರ ಸೆಪ್ಟೆಂಬರ್‌ವರೆಗೆ ಅಮೆರಿಕ ಚೀನೀ ದತ್ತು ಮಕ್ಕಳಿಗೆ ನೀಡಿದ ವೀಸಾ ಕೇವಲ 16.

2024ರ ಸೆಪ್ಟೆಂಬರ್ 5ರಂದು ಚೀನಾ ವಿದೇಶಾಂಗ ಸಚಿವಾಲಯದ ವಕ್ತಾರೆ ಮಾವೊ ನಿಂಗ್ ವಿದೇಶಿ ದತ್ತು ವ್ಯವಸ್ಥೆ ಅಂತ್ಯಗೊಂಡಿರುವುದಾಗಿ ಪ್ರಕಟಿಸಿದರು. ಸಮೀಪದ ರಕ್ತಸಂಬಂಧಿಯ ಮಗುವನ್ನು ಅಥವಾ ಸಂಗಾತಿಯ ಮಗುವನ್ನು ದತ್ತು ಪಡೆಯುವ ವಿದೇಶಿಯರಿಗೆ ಮಾತ್ರ ವಿನಾಯಿತಿ ಉಳಿಯಿತು. ಜನನ ಪ್ರಮಾಣ ಕುಸಿಯುತ್ತಿರುವ ದೇಶದಲ್ಲಿ ಈ ನಿರ್ಧಾರ ಅನಿರೀಕ್ಷಿತವಾಗಿರಲಿಲ್ಲ. ಆದರೆ ಭಾವಚಿತ್ರದಲ್ಲಿ ಮಾತ್ರ ಪರಸ್ಪರ ನೋಡಿ, ನಾಲ್ಕೂವರೆ ವರ್ಷ ಕಾದಿದ್ದ ಮಕ್ಕಳಿಗೂ ಕುಟುಂಬಗಳಿಗೂ ಅದು ಅಗಲಿಕೆಯೇ ಆಯಿತು. ಈ ಮಕ್ಕಳಲ್ಲಿ ವಿಶೇಷ ಆರೈಕೆ ಬೇಕಾದವರೇ ಅನೇಕರು.

ಇತರ ದೇಶಗಳಲ್ಲಿಯೂ ಹಳೆಯ ಕಡತಗಳು ತೆರೆದುಕೊಂಡಿವೆ. ನೆದರ್‌ಲ್ಯಾಂಡ್ಸ್ ಸರ್ಕಾರ ತನ್ನ ತನಿಖಾ ಸಮಿತಿಯ ವರದಿಯ ಬಳಿಕ 2021ರ ಫೆಬ್ರವರಿಯಲ್ಲಿ ವಿದೇಶಿ ದತ್ತುಗಳನ್ನು ತಡೆಹಿಡಿದು, ಮರುವರ್ಷ ಬಿಗಿ ನಿಯಮಗಳೊಡನೆ ಭಾಗಶಃ ಆರಂಭಿಸಿತು. 2024ರಲ್ಲಿ ಹಂತಹಂತವಾಗಿ ಕೈಬಿಡುವ ತೀರ್ಮಾನಕ್ಕೆ ಬಂದಿತು. ದಕ್ಷಿಣ ಕೊರಿಯಾದ ಸತ್ಯ ಮತ್ತು ಸಾಮರಸ್ಯ ಆಯೋಗ 2025ರ ಮಾರ್ಚ್‌ನಲ್ಲಿ ತನ್ನ ದೇಶದ ವಿದೇಶಿ ದತ್ತು ಪದ್ಧತಿಯಲ್ಲಿ ಸುಳ್ಳು ದಾಖಲೆ ಸೃಷ್ಟಿಸಿ ಮಕ್ಕಳ ಹಕ್ಕುಗಳನ್ನು ಉಲ್ಲಂಘಿಸಲಾಗಿತ್ತೆಂದು ಹೇಳಿತು.

ಹೇಗ್ ಒಪ್ಪಂದ ಮತ್ತು ಭಾರತ

ಇಂತಹ ಅಕ್ರಮಗಳನ್ನು ತಡೆಯುವ ಅಂತರರಾಷ್ಟ್ರೀಯ ಚೌಕಟ್ಟು 1993ರ ಮೇ 29ರ ಹೇಗ್ ಒಪ್ಪಂದ. ಮಗುವಿಗೆ ಮೊದಲು ಸ್ವದೇಶದಲ್ಲೇ ಕುಟುಂಬ ಹುಡುಕಬೇಕು, ಹೆತ್ತವರ ಸಮ್ಮತಿ ಹಣಕ್ಕಾಗಿ ಪಡೆದದ್ದಾಗಿರಬಾರದು, ಮಗುವಿನ ಮೂಲದ ಮಾಹಿತಿಯನ್ನು ಕಾಪಾಡಬೇಕು ಎಂಬುವು ಅದರ ಮುಖ್ಯಾಂಶಗಳು. ಭಾರತ 2003ರಲ್ಲಿ, ಚೀನಾ 2005ರಲ್ಲಿ ಇದನ್ನು ಅನುಮೋದಿಸಿದವು. ಅಮೆರಿಕದಲ್ಲಿ ಅದು ಜಾರಿಗೆ ಬಂದದ್ದು 2008ರ ಏಪ್ರಿಲ್ 1ರಂದು.

ಭಾರತದ ಎಚ್ಚರ ಒಪ್ಪಂದಕ್ಕಿಂತಲೂ ಹಳೆಯದು. ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಸುಪ್ರೀಂ ಕೋರ್ಟ್, 1984ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ತೀರ್ಪಿನ ಮೂಲಕ ವಿದೇಶಿ ದತ್ತುಗಳಿಗೆ ಕಟ್ಟುನಿಟ್ಟಿನ ನಿಯಮ ರೂಪಿಸಿತು. ಅದರ ಮುಂದುವರಿಕೆಯಾಗಿ 1990ರಲ್ಲಿ ಕೇಂದ್ರೀಯ ದತ್ತು ಸಂಪನ್ಮೂಲ ಸಂಸ್ಥೆ ಅಸ್ತಿತ್ವಕ್ಕೆ ಬಂತು.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ತೊರೆಯಲ್ಪಟ್ಟ ಮಗು ಎರಡು ವರ್ಷದೊಳಗಿನದಾದರೆ ಎರಡು ತಿಂಗಳೊಳಗೆ, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳೊಳಗೆ ಹೆತ್ತವರ ಶೋಧ ನಡೆಸಿ, ಮಕ್ಕಳ ಕಲ್ಯಾಣ ಸಮಿತಿ ಅದನ್ನು ದತ್ತಿಗೆ ಮುಕ್ತವೆಂದು ಘೋಷಿಸುತ್ತದೆ. ಮಗುವನ್ನು ತಾವಾಗಿಯೇ ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಅನಿವಾಸಿ ಭಾರತೀಯರಿಗೆ ದೇಶವಾಸಿಗಳಿಗೆ ಸಮಾನವಾದ ಆದ್ಯತೆ ಇದೆ. ಅದರ ನಂತರವೇ ವಿದೇಶಿಯರ ಸರದಿ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ನೀಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ವರ್ಗಾವಣೆಗೊಂಡಿದೆ. ಹೀಗಾಗಿ ಬೆಂಗಳೂರು, ಮೈಸೂರು ಅಥವಾ ಬೆಳಗಾವಿಯ ದತ್ತು ಕೇಂದ್ರದ ಮಗು ಸಾಗರದಾಚೆಯ ಕುಟುಂಬವನ್ನು ಸೇರುವುದು ಆಯಾ ಜಿಲ್ಲಾಧಿಕಾರಿಯ ಆದೇಶದಿಂದ. ಹೊಸ ದೇಶ ತಲುಪಿದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಮಗುವಿನ ಯೋಗಕ್ಷೇಮದ ವರದಿ ಬರಬೇಕು. ಪ್ರಾಯಕ್ಕೆ ಬಂದ ದತ್ತು ಮಕ್ಕಳು ತಮ್ಮ ಮೂಲವನ್ನು ಅರಸಲು ಕೋರಿಕೆ ಸಲ್ಲಿಸಬಹುದೆಂದು 2022ರ ದತ್ತು ನಿಯಮಾವಳಿ ಹೇಳುತ್ತದೆ. ಹೆತ್ತವರ ಖಾಸಗಿತನಕ್ಕೆ ಭಂಗ ಬರಬಾರದೆಂಬ ಷರತ್ತೂ ಅದರಲ್ಲಿದೆ.

ಕೋರಿಕೆ ಬಂದಾಗ ಕಡತದಲ್ಲಿ ಏನಿರುತ್ತದೆ ಎಂಬುದರ ಮೇಲೆ ಈ ಹಕ್ಕಿನ ಬೆಲೆ ನಿಂತಿದೆ. ಮಗು ಸಿಕ್ಕ ತಾಣ, ಹೊತ್ತು, ಮೈಮೇಲಿದ್ದ ಬಟ್ಟೆ, ಮೊದಲು ಕಂಡವರ ಹೇಳಿಕೆ ಇವನ್ನು ಆ ದಿನವೇ ಬರೆದಿಟ್ಟಿದ್ದರೆ ಇಪ್ಪತ್ತು ವರ್ಷಗಳ ಬಳಿಕ ಬಂದು ಕೇಳುವವರಿಗೆ ಕೊಡಲು ಏನಾದರೂ ಇರುತ್ತದೆ. ಚೀನಾದ ಮೂರು ದಶಕಗಳ ಅನುಭವ ಕಲಿಸುವ ಪಾಠವೂ ಇದೇ. ಮಗುವನ್ನು ಮನೆಗೆ ಕರೆದೊಯ್ಯುವ ಕುಟುಂಬವು ಅದರ ಹಿಂದಿನ ಬದುಕಿನ ಕಾಗದ, ಚಿತ್ರ, ಹೆಸರು, ಹಾಡುಗಳನ್ನೂ ಜತನದಿಂದ ಜೊತೆಗೆ ಒಯ್ಯಬೇಕಾಗುತ್ತದೆ. ಅವುಗಳ ಒಡೆತನ ಮಗುವಿನದು. ದೊಡ್ಡದಾದ ಮೇಲೆ ಅದು ಕೇಳಿದಾಗ ಒಪ್ಪಿಸುವ ಹೊಣೆ ಕುಟುಂಬದ ಮೇಲಿದೆ.